ಕರದಂಟಿನ ಮನೆಗೆ ಬಂದ ಸಕ್ಕರೆ ಬ್ಯಾನಿ

ನಮ್ಮ ಮನೆಯಲ್ಲಿ ಇರುವೆ ಕಂಡರೆ ಯಾರೂ ಹೌಹಾರುತ್ತಿರಲಿಲ್ಲ. ಅಮೀನಗಡದಲ್ಲಿ ಕರದಂಟು ಮಾಡುವವರ ಮನೆ ನಮ್ಮದು. ಅಪ್ಪನ ಧೋತರಕ್ಕೆ ಬೆಲ್ಲ, ಅವ್ವನ ಸೆರಗಿಗೆ ಬೆಲ್ಲ, ಬಾಗಿಲ ಚಿಲಕಕ್ಕೂ ಬೆಲ್ಲ. ಹಾಗಾಗಿ ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಬಚ್ಚಲ ಮೋರಿಯ ಬಾಯಿಗೆ ಇರುವೆಗಳು ಸಾಲುಗಟ್ಟಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನನಗಾಗ ಹನ್ನೊಂದು ವರ್ಷ. ಬೇರೆಯವರ ಮನೆಯಾಗಿದ್ದರೆ ಯಾರಾದರೊಬ್ಬ ಮುದುಕಿ ಮೂಗಿನ ಮೇಲೆ ಬೆರಳಿಟ್ಟು, ಕೂಸಿನ ಮೂತ್ರಕ್ಕೆ ಇರುವೆ ಯಾಕೆ ಮುತ್ತುತ್ತಿವೆ ಎಂದು ಕೇಳುತ್ತಿದ್ದಳು. ನಮ್ಮವ್ವ ಅಂದದ್ದು ಇಷ್ಟೇ: "ನಿಮ್ಮಪ್ಪ ಮತ್ತ ಬಚ್ಚಲದಾಗ ಕೈ ತೊಳಕೊಂಡಾರ ನೋಡು. ಭಟ್ಟಿ ಕಡೇನ ತೊಳಕೊಂಡು ಬರ್ರಿ ಅಂದ್ರ ಕೇಳಂಗಿಲ್ಲ."

ನನ್ನ ಹೆಸರು ಸುವರ್ಣಾ. ಈಗ ತಲೆ ನರೆತಿದೆ. ಶಾಲೆಯಲ್ಲಿ ಪಾಠ ಹೇಳುವ ಕೆಲಸದಿಂದ ನಿವೃತ್ತಳಾಗಿ, ಹೊತ್ತು ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಂಡು, ಆರಾಮವಾಗಿಯೇ ಇದ್ದೇನೆ. ಈ ಬ್ಯಾನಿಯ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ, ಓದಬೇಕೆನ್ನುವವರು ಓದಿಕೊಳ್ಳಲಿ. ಅವುಗಳಲ್ಲಿ ನನ್ನಪ್ಪನ ಬಗ್ಗೆ ಏನೂ ಇಲ್ಲ. ಕಾಯಿಲೆ ಬಂದದ್ದು ನನಗೆ, ನಾನು ಬೇಗ ಹೊಂದಿಕೊಂಡೆ. ಅದು ತನ್ನಿಂದಲೇ ಬಂತು ಎಂದು ನಂಬಿ ಕೂತವನು ಅಪ್ಪ. ಆ ನಂಬಿಕೆಯಿಂದ ಅವನನ್ನು ಬಿಡಿಸುವುದೇ ನಮ್ಮ ಮನೆಯ ದೊಡ್ಡ ಹೋರಾಟವಾಯಿತು. ಒಮ್ಮೆಯಂತೂ ಅದು ನನ್ನ ಜೀವವನ್ನೇ ತೆಗೆದುಬಿಡುತ್ತಿತ್ತು. ಮಗುವಿಗೆ ಈ ಬ್ಯಾನಿ ಬಂದಿದೆ ಎಂದು ತಿಳಿದು ಹಗಲೆಲ್ಲ ತಮ್ಮನ್ನೇ ಬೈದುಕೊಳ್ಳುತ್ತಿರುವ ತಂದೆ ತಾಯಿಯರು ಎಲ್ಲೋ ಇರುತ್ತಾರಲ್ಲ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಶುರುವಾದದ್ದು ನೀರಡಿಕೆ. ತಂಬಿಗೆ ಎತ್ತಿದರೆ ಖಾಲಿಯಾಗುವ ತನಕ ಕೆಳಗಿಡುತ್ತಿರಲಿಲ್ಲ. ಕುಡಿದದ್ದೆಲ್ಲ ಹೊರಗೆ ಹೋಗಬೇಕಲ್ಲ, ಶಾಲೆಯಲ್ಲಿ ಮತ್ತೆ ಮತ್ತೆ ಕೈ ಎತ್ತಿ ಎದ್ದು ಹೋಗುತ್ತಿದ್ದೆ. "ಏನಲೇ, ನಿನ್ನ ಹೊಟ್ಯಾಗ ಕೆರಿ ಐತೇನು?" ಎಂದು ಮಾಸ್ತರರು ಕೇಳಿದರೆ ಹುಡುಗರೆಲ್ಲ ನಗುತ್ತಿದ್ದರು. ಆಮೇಲೆ ಮೈ ಇಳಿಯತೊಡಗಿತು. ಲಂಗದ ಲಾಡಿಯನ್ನು ಎಷ್ಟು ಬಿಗಿದರೂ ಅದು ಸೊಂಟದಿಂದ ಜಾರುತ್ತಿತ್ತು.

"ಕೂಸು ಒಣಗಿ ಹೊಂಟೇತ್ರಿ, ಕಣ್ಣಿಗೆ ಬೀಳವಲ್ದೇನು?" ಎಂದು ಅವ್ವ ಒಂದು ದಿನ ಅಪ್ಪನಿಗೆ ಜೋರು ಮಾಡಿದಳು.

ಅಪ್ಪನಿಗೆ ಗೊತ್ತಿದ್ದ ಔಷಧ ಒಂದೇ. ಕರದಂಟೆಂದರೆ ನಮ್ಮ ಕಡೆ ಬರೀ ಬಾಯಿ ರುಚಿಗೆ ತಿನ್ನುವ ವಸ್ತುವಲ್ಲ. ತುಪ್ಪದಲ್ಲಿ ಕರಿದ ಅಂಟು, ಒಣ ಕೊಬ್ಬರಿ, ಬಾದಾಮಿ, ಉತ್ತತ್ತಿ ಎಲ್ಲವನ್ನೂ ಬೆಲ್ಲದ ಪಾಕಕ್ಕೆ ಹಾಕಿ ಮಾಡುವ ಅದನ್ನು ಬಾಣಂತಿಯರಿಗೆ ಕೊಡುತ್ತಾರೆ, ಜ್ವರದಿಂದ ಎದ್ದವರಿಗೆ ಕೊಡುತ್ತಾರೆ, ಗರಡಿ ಹುಡುಗರಿಗೂ ಕೊಡುತ್ತಾರೆ. "ನಮ್ಮ ಕರದಂಟು ತಿಂದ್ರ ಮುದುಕರೂ ಕುಸ್ತಿಗೆ ಇಳೀತಾರ" ಎಂದು ಅಪ್ಪ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಮಗಳು ಸೊರಗಿದ್ದಾಳೆ ಎಂದ ಮೇಲೆ ಕೇಳಬೇಕೆ? ದಿನಾ ಸಂಜೆ ಪಾಕ ಕಾಯಿಸುವ ಭಟ್ಟಿಯಿಂದ ಬರುವಾಗ ನನಗೆಂದೇ ಬಾದಾಮಿ ಹೆಚ್ಚಿಗೆ ಹಾಕಿಸಿದ ದೊಡ್ಡ ತುಂಡು ತಂದು, ಎದುರಿಗೇ ಕೂತು ತಿನ್ನಿಸಿದ. ಬ್ಯಾಡಪ್ಪಾ ಎಂದರೆ ಗಲ್ಲ ಹಿಡಿದು ತಿನ್ನಿಸಿದ. ನಾನು ಇನ್ನಷ್ಟು ಇಳಿದೆ.

ಒಂದು ಬೆಳಿಗ್ಗೆ ವಾಂತಿ ನಿಲ್ಲಲಿಲ್ಲ. ಉಸಿರು ಆಳದಿಂದ ಎಳೆದೆಳೆದು ಬರುತ್ತಿತ್ತು, ಬಾಯಿಗೆ ಕೊಳೆತ ಹಣ್ಣಿನ ವಾಸನೆ. ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿ ಇಳಕಲ್ಲಿನಿಂದ ಬರುತ್ತಿದ್ದ ಬಸ್ಸಿಗೆ ಅಡ್ಡ ನಿಂತ. ಕಮತಗಿ ದಾಟಿದ್ದು ನನಗೆ ನೆನಪಿದೆ, ಬಾಗಲಕೋಟೆ ಬಂದದ್ದು ನೆನಪಿಲ್ಲ.

ದವಾಖಾನೆಯ ಪಡಸಾಲೆಯಲ್ಲಿ ಕಾದ ಹೊತ್ತಿನದನ್ನು ಅವ್ವ ಆಮೇಲೆ ನೂರು ಸಲ ಹೇಳಿದ್ದಾಳೆ. ಬೆಂಚಿನ ಮೇಲೆ ಜಾಗವಿರಲಿಲ್ಲ. ಗುರುತು ಪರಿಚಯವಿಲ್ಲದ ಒಬ್ಬ ಹೆಂಗಸು ತನ್ನ ಕೂಸನ್ನು ನೆಲಕ್ಕಿಳಿಸಿ, ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳಂತೆ. ಪಕ್ಕದಲ್ಲಿದ್ದ ಯಜಮಾನರೊಬ್ಬರು ಸುಮ್ಮನಿರಲಾರದೆ "ಯಾವೂರ್ರಿ?" ಎಂದು ಕೇಳಿದರು. ಅಮೀನಗಡ ಎಂದು ಅವ್ವ ಹೇಳಿದಳು. "ಹಂಗಾರ ಕರದಂಟು ತಂದೀರೇನ್ರಿ?" ಎಂದು ಅವರು ನಕ್ಕರು. ಅಮೀನಗಡದವರನ್ನು ಲೋಕದ ತುಂಬ ಎಲ್ಲರೂ ಕೇಳುವುದು ಇದನ್ನೇ. ಆ ಮಾತಿಗೆ ಯಾವಾಗಲೂ ಅರಳುವ ಅಪ್ಪ ಅವತ್ತು ಗೋಡೆ ನೋಡುತ್ತ ನಿಂತಿದ್ದನಂತೆ.

ಒಳಗೆ ಇನಾಮದಾರ ಡಾಕ್ಟರು ನನ್ನ ಬಾಯಿ ಮೂಸಿದರು, ಮೂತ್ರ ಪರೀಕ್ಷೆ ಮಾಡಿಸಿದರು, ಸಲೈನ್ ಹಚ್ಚಿದರು. ಒಳ್ಳೆಯ ಮನುಷ್ಯ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಅಪ್ಪನ ಕಡೆ ತಿರುಗಿದರು.

"ಸಕ್ಕರಿ ಬ್ಯಾನಿ, ಈರಪ್ಪ. ಸಣ್ಣ ಮಕ್ಕಳಿಗೆ ಬರೂವಂಥಾದ್ದು. ಏನ ತಿನ್ನಾಕ ಕೊಡ್ತಿದ್ರಿ ಇಕಿಗೆ?"

ಅಪ್ಪ ಇದ್ದದ್ದು ಇದ್ದ ಹಾಗೆ ಹೇಳಿದ.

"ಅಲ್ಲೋ ಮಾರಾಯಾ, ಉರಿಯೂ ಬೆಂಕಿಗೆ ತುಪ್ಪ ಸುರದೀಯಲ್ಲೋ!" ಎಂದು ಡಾಕ್ಟರು ಕೂಗಿದರು.

ಅಷ್ಟೇ. ಅವರು ಆ ಮಾತನ್ನು ಅಂದು ಮುಂದಿನ ಹಾಸಿಗೆಗೆ ಹೋದರು. ಅಪ್ಪನ ಕಿವಿ ಅಲ್ಲಿಗೇ ಮುಚ್ಚಿಹೋಯಿತು. ಮನೆಗೆ ಕಳಿಸುವ ದಿನ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಸಾವಧಾನವಾಗಿ ಎಲ್ಲ ಹೇಳಿದರು. ಬದುಕಿರುವ ತನಕ ಸೂಜಿ ಬೇಕು. ಸೂಜಿ ಕೊಟ್ಟ ಮೇಲೆ ಊಟ ತಪ್ಪಬಾರದು. ಬೆವತು, ನಡುಗಿ, ಮಾತು ತೊದಲಿದರೆ ಸಕ್ಕರೆ ತೀರಾ ಇಳಿದಿದೆ ಎಂದರ್ಥ, ಆಗ ಬೆಲ್ಲವೋ ಸಕ್ಕರೆಯೋ ತಕ್ಷಣ ಬಾಯಿಗೆ ಹಾಕಬೇಕು, ತಡವಾದರೆ ಜೀವಕ್ಕೇ ಅಪಾಯ. ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಅಪ್ಪ ತಲೆ ಆಡಿಸುತ್ತಿದ್ದ, ಒಂದು ಅಕ್ಷರವೂ ಒಳಗೆ ಹೋಗಿರಲಿಲ್ಲ.

ಅವ್ವ ಇಳಕಲ್ಲಿನ ನೇಕಾರರ ಮನೆಯವಳು. ಅವಳಿಗೆ ಹೆದರಿಕೆ ಗೊತ್ತಿರಲಿಲ್ಲ ಎಂದೇನಲ್ಲ, ಹೆದರಿಕೊಂಡೇ ಕೆಲಸ ಮಾಡುವುದು ಗೊತ್ತಿತ್ತು. ಗಾಜಿನ ಸಿರಿಂಜನ್ನು ಕುದಿಸಿ, ನೀರು ತುಂಬಿ, ಬದನೆಕಾಯಿಗೆ ಚುಚ್ಚಿ ಚುಚ್ಚಿ ಕಲಿತಳು. ಹಾಗೆ ಚುಚ್ಚಿಸಿಕೊಂಡ ಬದನೆಕಾಯಿಗಳೇ ಸಂಜೆ ಎಣ್ಣೆಗಾಯಿಯಾಗಿ ತಾಟಿಗೆ ಬರುತ್ತಿದ್ದವು. "ನನಗಿಂತ ಮೊದಲ ಇವಕ್ಕ ಆರಾಮ ಆಗೇತಿ" ಎಂದು ನಾನು ಅಂದರೆ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಇನ್ಸುಲಿನ್ ಶೀಶೆಗೆ ತಂಪು ಬೇಕು, ಆಗ ನಮ್ಮೂರಲ್ಲಿ ಯಾರ ಮನೆಯಲ್ಲಿ ಫ್ರಿಜ್ ಇತ್ತು? ಹೊಸ ಮಣ್ಣಿನ ಗಡಿಗೆಯಲ್ಲಿ ಹಸಿ ಉಸುಕು ತುಂಬಿ, ಅದರ ನಡುವೆ ಶೀಶೆ ಇಟ್ಟು, ಮೇಲೊಂದು ಒದ್ದೆ ಅರಿವೆ ಹೊದಿಸಿದಳು.

ದಿನಾ ಬೆಳಿಗ್ಗೆ ನೀಲಿ ಔಷಧದಲ್ಲಿ ನನ್ನ ಮೂತ್ರದ ಹನಿಗಳನ್ನು ಹಾಕಿ ಕಾಯಿಸಿ ಬಣ್ಣ ನೋಡಬೇಕಿತ್ತು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕೇಸರಿ, ಕೊನೆಗೆ ಇಟ್ಟಿಗೆ ಕೆಂಪಾದರೆ ಸಕ್ಕರೆ ವಿಪರೀತ ಎಂದರ್ಥ. ಅವ್ವ ಕಿಟಕಿಯ ಬೆಳಕಿಗೆ ಗಾಜಿನ ನಳಿಗೆ ಹಿಡಿದು ಸೀರೆಯ ಬಣ್ಣ ಹೇಳುವ ಹಾಗೆ ಹೇಳುತ್ತಿದ್ದಳು. "ಇವತ್ತ ಗಿಳಿ ಹಸರು, ಛಲೋ ಐತಿ." ಮರುದಿನ, "ಏ, ದಾಳಿಂಬರಿ ಆಗೇತಲ್ಲೇ, ಏನ ಕದ್ದು ತಿಂದಿ?" ನಾನು ಏನನ್ನೂ ಕದ್ದಿರುತ್ತಿರಲಿಲ್ಲ. ಕದಿಯಲು ಮನೆಯಲ್ಲಿ ಏನಿತ್ತು?

ಏನೂ ಇರಲಿಲ್ಲ. ಅದೇ ಹೇಳಬೇಕಾದ ಮಾತು. ದವಾಖಾನೆಯಿಂದ ಬಂದ ದಿನವೇ ಅಪ್ಪ ಮನೆಯಲ್ಲಿದ್ದ ಬೆಲ್ಲ, ಸಕ್ಕರೆ, ಕಡೆಗೆ ದೇವರ ಮುಂದಿದ್ದ ಕಲ್ಲುಸಕ್ಕರೆಯನ್ನೂ ಹೊರಗೆ ಹಾಕಿದ. ಭಟ್ಟಿಯಿಂದ ಬರುವಾಗ ಅಲ್ಲೇ ಮೈ ತೊಳೆದು ಬೇರೆ ಬಟ್ಟೆ ಉಟ್ಟು ಬರತೊಡಗಿದ. ಒಲೆಯುರಿಯ ಮುಂದೆ ಕೂತು ಬಂದವನು ನನ್ನನ್ನು ಮುಟ್ಟುವ ಮೊದಲು ಮತ್ತೊಮ್ಮೆ ಕೈ ತೊಳೆಯುತ್ತಿದ್ದ. ಅಂಗಡಿ ಮುಚ್ಚಿಬಿಡುತ್ತೇನೆ ಎಂದ. ತಿನ್ನುವುದೇನು ಮತ್ತೆ ಎಂದು ಅವ್ವ ಕೇಳಿದ ಮೇಲೆ ಮತ್ತೆ ಭಟ್ಟಿಯ ಹಾದಿ ಹಿಡಿದ.

ಇಷ್ಟರಲ್ಲಿ ಬಾದಾಮಿಯಲ್ಲಿ ಬಳಗದವರ ಮದುವೆಗೆ ಹೋಗಬೇಕಾಯಿತು. ಪಂಕ್ತಿಯಲ್ಲಿ ನನ್ನ ಎಲೆಗೆ ಹೋಳಿಗೆ ಬೇಡ ಎಂದು ಅವ್ವ ಕೈ ಅಡ್ಡ ಹಿಡಿದಾಗ ದೂರದ ಅತ್ತೆಯೊಬ್ಬಳು ಎಲ್ಲರಿಗೂ ಕೇಳಿಸುವಂತೆ ಹೇಳಿದಳು, "ಕರದಂಟಿನ ಅಂಗಡಿ ಮಗಳಿಗೆ ಸಕ್ಕರಿ ಬ್ಯಾನಿ ಬರದ ಇನ್ಯಾರಿಗೆ ಬರಬೇಕ ಯವ್ವಾ. ಅಪ್ಪ ತಿನ್ನಿಸಿದ್ದು ಮಗಳು ಉಣ್ಣಾಕತ್ಯಾಳ." ಅಪ್ಪ ಎದುರು ಸಾಲಿನಲ್ಲಿದ್ದ. ಎಲೆ ಮಡಚಿ ಎದ್ದ. ಆ ಅತ್ತೆಯ ಹೆಸರನ್ನು ಇಲ್ಲಿ ಬರೆಯಬೇಕೆಂದು ಕೈ ತುರಿಸುತ್ತದೆ, ಸತ್ತವರ ಮೇಲೆ ಯಾಕೆ ಬಿಡಿ.

ಊರಿಗೆ ಮರಳಿದ ಮರುದಿನ ಅಪ್ಪ ನಮ್ಮ ಓಣಿಯ ಮನೆ ಮನೆಗೆ ಹೋದ. ಪ್ರತಿ ಬಾಗಿಲಲ್ಲೂ ನಿಂತು ಕೈ ಮುಗಿದ. "ನನ್ನ ಮಗಳ ಕೈಯಾಗ ಒಂದು ಹಳಕು ಸಕ್ಕರಿ ಇಡಂಗಿಲ್ಲ ಅಂತ ಆಣಿ ಮಾಡ್ರಿ. ಅದು ಅಕಿಗೆ ವಿಷ ಐತಿ." ಕೆಲವರು ಕೊರಳಿನ ಲಿಂಗ ಮುಟ್ಟಿ ಮಾತು ಕೊಟ್ಟರು, ಕೆಲವರು ಬನಶಂಕರಿಯ ಹೆಸರಿನಲ್ಲಿ. ನಮ್ಮ ಹಿತ್ತಲ ಗೋಡೆಯಾಚೆಯ ಹುಸೇನಬಿ ಕಾಕು ಅಲ್ಲಾನ ಹೆಸರಿನಲ್ಲಿ ಆಣೆ ಮಾಡಿದಳು. ಮಕ್ಕಳಿಲ್ಲದ ಆಕೆಗೆ ನಾನೆಂದರೆ ಪ್ರಾಣ.

ಅವ್ವ ಡಾಕ್ಟರ ಮಾತು ನೆನಪಿಸಿದರೆ ಅಪ್ಪ, "ಡಾಕ್ಟ್ರು ಹಂಗ ಅಂದಿಲ್ಲ, ನೀ ತಪ್ಪ ಕೇಳಿ" ಎಂದು ಸಿಡುಕುತ್ತಿದ್ದ. ಅವಳು ಸೋತು, ಜೋಳದ ಡಬ್ಬಿಯ ತಳದಲ್ಲಿ ಒಂದು ಚೂರು ಬೆಲ್ಲವನ್ನು ಅರಿವೆಯಲ್ಲಿ ಕಟ್ಟಿ ಮುಚ್ಚಿಟ್ಟಳು. ಇರುವೆ ಸುಮ್ಮನಿರುತ್ತವೆಯೇ? ಡಬ್ಬಿಯ ಕಡೆ ಹೊರಟ ಸಾಲನ್ನು ಅಪ್ಪ ಹಿಂಬಾಲಿಸಿ, ಆ ಗಂಟನ್ನು ಹುಡುಕಿ ತೆಗೆದು ಆಕಳಿಗೆ ತಿನ್ನಿಸಿದ.

ಅದಾಗಿ ಸ್ವಲ್ಪ ದಿನಕ್ಕೆ ಗಿರಣಿಯಲ್ಲಿ ಕರೆಂಟು ಹೋಯಿತು. ಮನೆಯಲ್ಲಿ ಹಿಟ್ಟು ಮುಗಿದಿತ್ತು, ಜೋಳ ಗಿರಣಿಯಲ್ಲಿ ಬಿದ್ದಿತ್ತು. ಅವ್ವ ನನಗೆ ಸೂಜಿ ಕೊಟ್ಟಾಗಿತ್ತು. ಈಗ ಬರುತ್ತದೆ ಆಗ ಬರುತ್ತದೆ ಎಂದು ಕಾಯುತ್ತ ಹೊತ್ತು ನೆತ್ತಿಗೆ ಬಂತು. ಅನ್ನಕ್ಕಿಟ್ಟರಾಯಿತು ಎಂದು ಅವಳು ಒಲೆ ಹಚ್ಚುವಷ್ಟರಲ್ಲಿ ನಾನು ಕಂಬಕ್ಕೆ ಒರಗಿ ಬೆವರತೊಡಗಿದೆ.

ಆ ಹೊತ್ತಿನ ನನ್ನ ನೆನಪು ಹರಿದ ಅರಿವೆಯಂತಿದೆ. ಕೈ ನಡುಗುತ್ತಿತ್ತು. ಅವ್ವನ ಮುಖ ಎರಡೆರಡು ಕಾಣುತ್ತಿತ್ತು. ಯಾಕೋ ಅವಳ ಮೇಲೆ ಕೆಟ್ಟ ಸಿಟ್ಟು ಬಂದು ಏನೇನೋ ಬೈದೆನಂತೆ. ಅವ್ವನಿಗೆ ತಕ್ಷಣ ಗೊತ್ತಾಯಿತು. ಡಬ್ಬಿಗಳನ್ನೆಲ್ಲ ಕೆಡವಿದಳು. ಕರದಂಟು ಮಾಡುವವರ ಮನೆಯಲ್ಲಿ ನೆಕ್ಕಲು ಒಂದು ಹರಳು ಸಿಹಿ ಇರಲಿಲ್ಲ.

ನನ್ನನ್ನು ಬಿಟ್ಟು ಹೋಗಲಾರದೆ ಹಿತ್ತಲಿಗೆ ಎಳೆದುಕೊಂಡೇ ಹೋಗಿ ಗೋಡೆಯಾಚೆ ಕೂಗಿದಳು. "ಹುಸೇನಬೀ! ಒಂದು ಹಿಡಿ ಸಕ್ಕರಿ ಕೊಡವ್ವಾ! ಲಗೂನ!"

ಹುಸೇನಬಿ ಕಾಕು ಸಕ್ಕರೆಯ ಡಬ್ಬಿಯನ್ನೇನೋ ತಂದಳು. ಆದರೆ ಯಾರಿಗೆಂದು ನೋಡಿದ್ದೇ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು.

"ಅಕ್ಕಾ, ನಾ ಆಣಿ ಮಾಡೇನಿ. ವಿಷ ಐತಿ ಅಂದಾರ ಈರಪ್ಪಣ್ಣ. ಕೂಸಿನ ಜೀವಾ ಐತೆಕ್ಕಾ, ನನ್ನ ಕೈಲೆ ಮಾಡಿಸಬ್ಯಾಡ!"

"ಈಗ ಕೊಡದಿದ್ರ ಸಾಯ್ತೈತಿ ಹುಸೇನಬೀ, ನಿನ್ನ ಕಾಲಿಗೆ ಬೀಳ್ತೇನಿ!"

"ಅಣ್ಣಾರನ್ನ ಕರಕೊಂಡು ಬರ್ತೇನಿ, ಅವರು ಹೂಂ ಅಂದ್ರ ಡಬ್ಬೀನ ಕೊಡ್ತೇನಿ" ಎಂದವಳೇ ಡಬ್ಬಿ ಸಮೇತ ಭಟ್ಟಿಯ ಕಡೆ ಓಡಿದಳು. ಅವಳ ತಪ್ಪೇನಿಲ್ಲ. ನನ್ನನ್ನು ಪ್ರೀತಿಸುತ್ತಿದ್ದುದಕ್ಕೇ ಅವಳು ಕೊಡಲಿಲ್ಲ.

ಅಪ್ಪ ಪಾಕ ತಿರುವುತ್ತಿದ್ದವನು ಹಾಗೇ ಓಡಿಬಂದ. ಮೈ ತೊಳೆದಿರಲಿಲ್ಲ, ಬಟ್ಟೆ ಬದಲಿಸಿರಲಿಲ್ಲ. ಅಂಗೈಯಿಂದ ಮೊಣಕೈ ತನಕ ಬೆಲ್ಲದ ಪಾಕ ಅಂಟಿ ಒಣಗುತ್ತಿತ್ತು. ನನ್ನ ಕಣ್ಣು ಮೇಲೆ ಹೋಗಿದ್ದನ್ನು ನೋಡಿ ಹಿತ್ತಲ ಬಾಗಿಲ ಹೊಸ್ತಿಲಲ್ಲೇ ನಿಂತುಬಿಟ್ಟ. ಅವ್ವ ಎದ್ದು ಅವನ ಕೈ ಹಿಡಿದು ನನ್ನ ಬಾಯಿಯ ಕಡೆ ಎಳೆದಳು. ಅಪ್ಪ ಕೈ ಕೊಸರಿಕೊಂಡ.

"ಬ್ಯಾಡಾ! ಬೆಲ್ಲ ಐತಿದು, ಬೆಲ್ಲಾ!"

"ಬೆಲ್ಲಾನ ಬೇಕಾಗೇತ್ರೀ!" ಎಂದು ಅವ್ವ ಕಿರುಚಿದಳು. ಗಂಡನಿಗೆ ಎಂದೂ ಎತ್ತರದ ದನಿಯಲ್ಲಿ ಮಾತಾಡದವಳಲ್ಲ, ಆದರೆ ಹಾಗೆ ಕಿರುಚಿದ್ದು ಅದೊಂದೇ ಸಲ. ಎರಡೂ ಕೈಯಿಂದ ಅಪ್ಪನ ಮುಂಗೈ ಹಿಡಿದು ಅವನ ಬೆರಳುಗಳನ್ನು ನನ್ನ ಬಾಯೊಳಗೆ ತುರುಕಿದಳು.

ನನಗೆ ಮೊದಲು ಮರಳಿ ಬಂದದ್ದು ರುಚಿ. ಬೆಲ್ಲ, ತುಪ್ಪ, ಜಾಜಿಕಾಯಿ, ಅದರ ಜೊತೆ ಅಪ್ಪನ ಬೆವರಿನ ಉಪ್ಪು. ಒಂದು ಬೆರಳಾದ ಮೇಲೆ ಇನ್ನೊಂದು ಚೀಪಿದೆನಂತೆ, ಅಂಗೈ ನೆಕ್ಕಿದೆನಂತೆ. ಅಷ್ಟರಲ್ಲಿ ಹುಸೇನಬಿ ಕಾಕು ಏದುಸಿರು ಬಿಡುತ್ತ ಬಂದು ಡಬ್ಬಿಯನ್ನು ಅವ್ವನ ಮಡಿಲಿಗೆ ಸುರಿದಳು. ನನಗೆ ಕಣ್ಣು ತಿಳಿಯಾದಾಗ ಅಪ್ಪ ನನ್ನ ಪಕ್ಕದಲ್ಲಿ ಕೂತು, ಚೊಕ್ಕಟವಾದ ತನ್ನ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡುತ್ತಿದ್ದ. ನಾನು "ಅಪ್ಪಾ, ಹಸಿವ್ಯಾಗೇತಿ" ಎಂದೆ. ಅವನು ಗೋಡೆಗೆ ತಲೆ ಕೊಟ್ಟು ಅತ್ತ.

ಮರುದಿನ ಮೊದಲ ಬಸ್ಸಿಗೆ ಮೂವರೂ ಬಾಗಲಕೋಟೆಗೆ ಹೋದೆವು. ಅಪ್ಪ ಈ ಸಲ ಕಿವಿ ತೆರೆದುಕೊಂಡು ಹೋಗಿದ್ದ. ನಡೆದದ್ದನ್ನೆಲ್ಲ ಹೇಳಿ, "ಸಾಹೇಬ್ರ, ಬೆಲ್ಲ ವಿಷಾನೂ ಹೌದು, ಔಷಧಾನೂ ಹೌದು ಅಂದ್ರ ನಾ ಏನ ತಿಳೀಲಿ? ಇದು ಹ್ಯಾಂಗ ಬಂತು, ಬುಡದಿಂದ ಹೇಳ್ರಿ" ಎಂದ.

ಡಾಕ್ಟರು ಕನ್ನಡಕ ತೆಗೆದಿಟ್ಟರು. "ನಾ ಕಾಲೇಜಿನ್ಯಾಗ ಕಲಿಯೂವಾಗ ಇದು ಪುಸ್ತಕದಾಗ ಇದ್ದಿದ್ದಿಲ್ಲ ಈರಪ್ಪ. ಈಗೀಗ ತಿಳಿಯಾಕತ್ತೇತಿ. ನಮ್ಮ ರಕ್ತದಾಗ ಬಿಳಿ ಕಣ ಅಂತ ಇರ್ತಾವ. ಕಾವಲು ಕಾಯೂದು ಅವುಗಳ ಕೆಲಸ. ಹೊರಗಿನಿಂದ ರೋಗ ಬಂದ್ರ ಕೊಲ್ಲತಾವ. ಅವಕ್ಕ ಬಾಯಿಲ್ಲ, ಕೈಯಿಲ್ಲ. ಇದ್ದದ್ದೆಲ್ಲಾ ರಸ. ಒಂದು ಕಣ ವೈರಿನ ಕಂಡ್ರ ಒಂಥರಾ ರಸಾ ಬಿಡತೈತಿ, ಅದರ ಸುಳಿವು ಹಿಡದು ಉಳಿದವು ಬರ್ತಾವ. ಬಂದು ವೈರಿಗೆ ಹತ್ತಿ ಇನ್ನೊಂಥರಾ ರಸಾ ಬಿಡತಾವ, ಅದರಾಗ ವೈರಿ ತೂತು ಬಿದ್ದು ಸಾಯ್ತೈತಿ."

"ಇರುವಿ ಇದ್ದಂಗೇನ್ರಿ?" ಎಂದ ಅಪ್ಪ.

"ಅಂದ್ರ?"

"ಒಂದು ಇರುವಿ ಬೆಲ್ಲಾ ಕಂಡ್ರ ಹೊಳ್ಳಿ ಹೋಗೂವಾಗ ನೆಲಕ್ಕ ಏನೋ ಹಚ್ಚಿಕೋತ ಹೋಗತೈತ್ರಿ. ಅದರ ಜಾಡು ಹಿಡದು ಸಾಲು ಬರತೈತಿ. ಕೆಂಪಿರುವಿ ಕಡದ್ರ ಉರೀತೈತಲ್ರಿ, ಅದೂ ಅದರ ರಸಾನ."

ಡಾಕ್ಟರು ಮೊದಲ ಸಲ ನಕ್ಕರು. "ಹಂಗ ತಿಳಕೋ. ಈಗ ನಿನ್ನ ಮಗಳ ಹೊಟ್ಯಾಗ ಇನ್ಸುಲಿನ್ ಮಾಡೂ ಕಣ ಇದ್ದುವು. ಈ ಕಾವಲಿನವು ಅವನ್ನ ವೈರಿ ಅಂತ ತಪ್ಪು ತಿಳಕೊಂಡು, ಒಂದನ್ನೊಂದು ಕರದು, ಕೊಂದು ಹಾಕ್ಯಾವ. ತನ್ನ ಮನೀ ಮಂದೀನ ಕಳ್ಳರು ಅಂತ ಬಡದಂಗ."

ಅಪ್ಪ ಮುಂದಕ್ಕೆ ಬಾಗಿದ. "ಇರುವಿ ಸಾಲಿನ ಮ್ಯಾಲೆ ಚಿಮಣಿ ಎಣ್ಣಿ ಅರಿವಿಲೆ ಒರಸಿದ್ರ ದಾರಿ ತಪ್ಪಿ ಅಲ್ಲೇ ಗಿರಕಿ ಹೊಡೀತಾವ್ರಿ. ಹಂಗ ಇವುಗಳ ದಾರಿ ಒರಸೂ ಔಷಧ ಇಲ್ಲೇನ್ರಿ?"

"ದೊಡ್ಡ ದೊಡ್ಡವರು ಅದನ್ನ ಹುಡಕಾಕತ್ತಾರ ಮಾರಾಯಾ. ಆದ್ರ ಹಂಗ ಒರಸಿದ್ರ ಎಲ್ಲಾ ದಾರೀನೂ ಅಳಿಸಿ ಹೋಗತಾವ, ಖರೆ ವೈರಿ ಬಂದ್ರೂ ಕಾಯಾಕ ಯಾರೂ ಇರಂಗಿಲ್ಲ. ಇಕಿಯೊಳಗಂತೂ ಅವು ಕೆಲಸಾ ಮುಗಿಸ್ಯಾವ. ಇನ್ನ ನಮ್ಮ ಕೈಯಾಗ ಇರೂದು ಸೂಜಿ, ಊಟ, ಮತ್ತ ಕಿಸೆದಾಗ ಒಂದು ಚೂರು ಬೆಲ್ಲ."

ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಅವ್ವ ಸೆರಗು ಸರಿಪಡಿಸಿಕೊಂಡು ಎದ್ದಳು. ಅಪ್ಪ ಏಳಲಿಲ್ಲ.

"ಸಾಹೇಬ್ರ, ಬೆಲ್ಲ ಇಲ್ಲದ ಇರುವಿ ಬರತಾವೇನ್ರಿ?"

ಎಂಥ ಮನುಷ್ಯ ನೋಡಿ. ಸಮಾಧಾನಕ್ಕೆಂದು ಸಿಕ್ಕ ಹೋಲಿಕೆಯಲ್ಲೂ ತನ್ನ ತಪ್ಪನ್ನೇ ಹುಡುಕಿ ತೆಗೆದಿದ್ದ.

ಡಾಕ್ಟರು ಕುರ್ಚಿ ಎಳೆದುಕೊಂಡು ಅವನ ಮುಂದೆ ಬಂದು ಕೂತರು. "ಇಲ್ಲಿ ಕೇಳು. ಅವತ್ತ ಬೆಂಕಿಗೆ ತುಪ್ಪ ಅಂತ ನಾ ಅಂದ್ನೆಲ್ಲ, ಸಿಟ್ಟಿನ್ಯಾಗ ಅಂದ ಮಾತದು. ಅನಬಾರದಿತ್ತು. ಇವು ಬೆಲ್ಲಕ್ಕ ಬರೂ ಇರುವಿ ಅಲ್ಲ. ಬೆಲ್ಲದ ಮಾರಿ ನೋಡದ ಕೂಸಿಗೂ ಈ ಬ್ಯಾನಿ ಬಂದಿದ್ದು ನಾ ಕಂಡೇನಿ. ನೀ ಕರದಂಟು ತಿನ್ನಿಸಿದ್ದು ಇಕಿ ಒಣಗಿದ ಮ್ಯಾಲೆ. ಅಷ್ಟೊತ್ತಿಗೆ ಆ ಕಣ ಸತ್ತು ಹೋಗಿದ್ದುವು. ತಿಂದಿದ್ದರಿಂದ ಸಕ್ಕರಿ ಏರಿತು ಖರೆ. ಬ್ಯಾನಿ ಅದರಿಂದ ಬಂದಿಲ್ಲ."

ಅಪ್ಪ ಕೈ ಮುಗಿದು ಎದ್ದ. ಆದರೆ ನನಗೆ ಅವನು ಗೊತ್ತಿದ್ದ. ಆ ಅಷ್ಟೂ ಮಾತಿನಲ್ಲಿ ಅವನು ಹಿಡಿದುಕೊಂಡು ಹೊರಟದ್ದು "ಏರಿತು ಖರೆ" ಎಂಬುದನ್ನು ಮಾತ್ರ.

ಊರಿಗೆ ಬಂದವನು ಮತ್ತೆ ಮನೆ ಮನೆಗೆ ಹೋದ, ಈ ಸಲ 'ಆಣೆ ವಾಪಸ್ ತೆಗೆದುಕೊಳ್ಳಿ' ಎಂದು ಕೇಳಲು. "ಆಣಿ ಅಂದ್ರ ಕೈಗಡ ಕೊಟ್ಟ ಸೇರೇನ್ರಿ ಈರಪ್ಪ, ಬೇಕಂದಾಗ ಕೊಡೂದು ಬ್ಯಾಡಂದಾಗ ಇಸಗೊಳ್ಳೂದು?" ಎಂದು ಎದುರುಮನೆಯ ಅಜ್ಜ ರೇಗಿಸಿದ. ಹುಸೇನಬಿ ಕಾಕು ಮಾತ್ರ ನನ್ನನ್ನು ಕಂಡಾಗಲೆಲ್ಲ "ಬೆವತೀಯೇನ ಕೂಸ?" ಎಂದು ಹಣೆ ಮುಟ್ಟಿ ನೋಡತೊಡಗಿದಳು. ಅವಳ ಸೆರಗಿನ ತುದಿಯಲ್ಲಿ ಸದಾ ಸಕ್ಕರೆಯ ಗಂಟು. ನನ್ನ ಪಾಟಿ ಚೀಲದಲ್ಲಿ, ಅಪ್ಪನ ಕಿಸೆಯಲ್ಲಿ, ಮಾಸ್ತರರ ಮೇಜಿನಲ್ಲಿ, ಎಲ್ಲ ಕಡೆ ಬೆಲ್ಲ. ನಾನು ಓದಿದೆ, ಓಡಿದೆ, ಜಗಳಾಡಿದೆ. ಕಾಲೇಜಿಗೆಂದು ದಿನಾ ಬಸ್ಸು ಹತ್ತಿ ಹುನಗುಂದಕ್ಕೆ ಹೋದೆ. ಸೂಜಿ ಚುಚ್ಚಿಕೊಳ್ಳುವುದು ಜಡೆ ಹಾಕಿಕೊಳ್ಳುವಷ್ಟೇ ಮಾಮೂಲಾಯಿತು.

ಅಪ್ಪ ಮಾತ್ರ ಅಂಗಡಿಯ ಗಲ್ಲೆಯ ಮುಂದೆ ಕೂತು ಬೇರೆಯೇ ಮನುಷ್ಯನಾದ. ಮಕ್ಕಳನ್ನು ಕರೆದುಕೊಂಡು ಬಂದ ಗಿರಾಕಿಗಳಿಗೆ ತೂಗಿ ಕೊಡುತ್ತಲೇ, "ಭಾಳ ತಿನ್ನಿಸಬ್ಯಾಡ್ರಿ, ಅರ್ಧಾ ಕಿಲೋ ಸಾಕ ನಿಮಗ" ಎನ್ನುತ್ತಿದ್ದ. ಲೋಕದಲ್ಲಿ ಕಡಿಮೆ ಕೊಳ್ಳಿರಿ ಎಂದು ಅಂಗಲಾಚುವ ಮಿಠಾಯಿ ಅಂಗಡಿಯವನನ್ನು ಯಾರಾದರೂ ಕಂಡಿದ್ದೀರಾ? "ಅಂಗಡಿ ನಡಸ್ತೀರೋ, ದವಾಖಾನಿ ನಡಸ್ತೀರೋ?" ಎಂದು ಅವ್ವ ಒಳಗಿನಿಂದ ಹರಿಹಾಯುತ್ತಿದ್ದಳು. ನಗು ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. "ಅಪ್ಪಾ, ನೀ ಏನೂ ಮಾಡಿಲ್ಲ" ಎಂದು ನಾನು ಎಷ್ಟು ಸಲ ಹೇಳಿದ್ದೇನೋ. "ಹೂಂ ನನ್ನವ್ವಾ" ಎಂದು ತಲೆ ಸವರುತ್ತಿದ್ದ. ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ, ಹಳೇ ಬಾಗಲಕೋಟೆಯ ಮಂದಿಯೆಲ್ಲ ತಮ್ಮ ಮನೆ ಆಣೆಕಟ್ಟಿನ ಹಿನ್ನೀರಿನಲ್ಲಿ ಯಾವಾಗ ಮುಳುಗುತ್ತದೆ, ನವನಗರದಲ್ಲಿ ಜಾಗ ಎಲ್ಲಿ ಸಿಗುತ್ತದೆ ಎಂದೇ ಮಾತಾಡುತ್ತಿದ್ದ ದಿನಗಳವು. ಒಂದು ಭಾನುವಾರ ಕಮತಗಿಯ ರೈತನೊಬ್ಬ ಹೆಂಡತಿ ಮತ್ತು ಏಳೆಂಟು ವರ್ಷದ ಮಗನನ್ನು ಕರೆದುಕೊಂಡು ನಮ್ಮ ಅಂಗಡಿಗೆ ಬಂದ. ಇನಾಮದಾರ ಡಾಕ್ಟರೇ ಕಳಿಸಿದ್ದರು. ಆ ಹುಡುಗನಿಗೂ ಇದೇ ಬ್ಯಾನಿ. "ಅಮೀನಗಡಕ್ಕ ಹೋಗ್ರಿ, ಈರಪ್ಪನ ಮಗಳು ಕಾಲೇಜಿಗೆ ಹೋಗತಾಳ, ಕಣ್ಣಾರೆ ನೋಡಿ ಬರ್ರಿ ಅಂದ್ರು" ಎಂದ ಆ ಮನುಷ್ಯ. ನಾನು ಹುಡುಗನನ್ನು ಕೂರಿಸಿಕೊಂಡು ನನ್ನ ಸಿರಿಂಜು ತೋರಿಸಿದೆ. ಅವನ ತಾಯಿಯನ್ನು ಅವ್ವ ಒಳಗೆ ಕರೆದುಕೊಂಡು ಹೋದಳು, ಬದನೆಕಾಯಿ ಹುಡುಕುತ್ತಿದ್ದ ಸದ್ದು ಕೇಳಿಸಿತು.

ರೈತ ಅಂಗಡಿಯ ಕಟ್ಟೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅಪ್ಪನಿಗೆ ತಗ್ಗಿದ ದನಿಯಲ್ಲಿ ಹೇಳಿದ.

"ನಾನ ಮಾಡಿದ್ದರೀ ಇದು. ದಿನಾ ಸಾಲಿಗೆ ಹೋಗೂವಾಗ ಅವನ ಕಿಸೆದಾಗ ಶೇಂಗಾ ಬೆಲ್ಲ ತುಂಬಿ ಕಳಸ್ತಿದ್ದೆ. ಒಬ್ಬನ ಮಗ. ಇವನ ಅವ್ವ ಬ್ಯಾಡ ಅಂತಿದ್ಲು. ನಾನ, ನನ್ನ ಕೈಲೇ..."

ಅಪ್ಪ ತಕ್ಕಡಿ ಕೆಳಗಿಟ್ಟು ಗಲ್ಲೆಯಿಂದ ಇಳಿದುಬಂದ. ಅವನ ಹೆಗಲು ಹಿಡಿದು ಜೋರಾಗಿ ಅಲುಗಾಡಿಸಿದ, ನಿದ್ದೆಯಿಂದ ಎಬ್ಬಿಸುವವನ ಹಾಗೆ.

"ಏ ತಮ್ಮಾ, ಇಲ್ಲಿ ನೋಡು. ನೀ ಏನೂ ಮಾಡಿಲ್ಲ. ಮಗನ ಕಿಸೆದಾಗ ಬೆಲ್ಲ ಹಾಕಿದ್ದು ತಪ್ಪಲ್ಲ. ಅವನೊಳಗಿನ ಕಾವಲಿನವು ದಾರಿ ತಪ್ಪ್ಯಾವ, ತಮ್ಮವರನ್ನ ತಾವ ಕೊಂದಾವ. ಅದನ್ನ ನೀ ಕರದಿಲ್ಲ, ನಿನ್ನ ಬೆಲ್ಲ ಕರದಿಲ್ಲ. ನೀ ಏನೂ ಮಾಡಿಲ್ಲ. ನನ್ನ ಮಗಳಿಗೂ ನಾ ಏನೂ ಮಾಡಿಲ್ಲ."

ಕೊನೆಯ ಮಾತು ಬಾಯಿಂದ ಬಂದ ಮೇಲೆ ಅಪ್ಪ ತಡೆದು ನಿಂತ. ತಾನು ಅಂದದ್ದು ತನಗೇ ಕೇಳಿಸಿತು. ಮೆಲ್ಲಗೆ ತಿರುಗಿ ನನ್ನನ್ನು ನೋಡಿದ.

"ಹೌದಲ್ಲೇನ ಸುವರ್ಣಾ?" ಎಂದು ಕೇಳಿದ. ನನ್ನ ಬಾಯಿಂದ ಆ ಮಾತನ್ನು ಎಷ್ಟೋ ವರ್ಷ ಕೇಳಿಸಿಕೊಂಡವನು, ಅದನ್ನು ನನ್ನ ಹತ್ತಿರ ಕೇಳಿದ್ದು ಅವತ್ತೇ ಮೊದಲು.

"ಹೌದಪ್ಪಾ" ಎಂದೆ.

ಅಪ್ಪ ಆ ಅಪರಿಚಿತ ರೈತನ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ಬಸ್ಸುಗಳು ಬಂದವು, ಹೋದವು. ಗಿರಾಕಿಗಳು ಬಂದು ಕಾದರು. ಇಬ್ಬರು ಅಪ್ಪಂದಿರು ಹೆಗಲಿಗೆ ಹೆಗಲು ತಾಗಿಸಿಕೊಂಡು, ಯಾರು ಯಾರನ್ನು ಸಮಾಧಾನ ಮಾಡುತ್ತಿದ್ದಾರೆ ಎಂದು ತಿಳಿಯದ ಹಾಗೆ ಅಳುತ್ತಿದ್ದರು. ನಾನು ಎದ್ದು ಹೋಗಿ ಗಿರಾಕಿಗಳಿಗೆ ಕರದಂಟು ತೂಗಿಕೊಟ್ಟೆ.